ಮೈಸೂರಿನ ದೀಪದ ಹೆಂಗಸು ರವಿವರ್ಮನ ಚಿತ್ರ ಅಲ್ವಂತೆ, ಹೌದಾ?

ಕೋಡಿಬಾಗ (ಭಾನುವಾರ ರಾತ್ರಿ)

ರಜೆಗೆ ಮನೆಮಂದಿಯೆಲ್ಲ ಮೈಸೂರಿಗೆ ಹೋಗಿದ್ದೆವು. ಅರಮನೆ, ಝೂ, ಚಾಮುಂಡಿ ಬೆಟ್ಟ ಎಲ್ಲ ಆಯ್ತು. ಕೊನೆಗೆ ಉಳಿದದ್ದು ಜಗನ್ಮೋಹನ ಅರಮನೆ. ಅಷ್ಟೊತ್ತಿಗೆ ಎಲ್ಲರ ಕಾಲೂ ಸೋತಿತ್ತು. ಆದ್ರೆ ಅತ್ತೆ ಬಿಡಲಿಲ್ಲ. "ದೀಪ ಹಿಡಿದವಳನ್ನು ನೋಡದೆ ನಾನು ಕಾರವಾರಕ್ಕೆ ವಾಪಸ್ ಬರೋದಿಲ್ಲ" ಎಂದು ಹಟ ಹಿಡಿದರು.

ಅದಕ್ಕೆ ಕಾರಣ ಇದೆ. ನಮ್ಮ ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಮೇಲಿನ ಗೋಡೆಗೆ ಅದೇ ಚಿತ್ರದ ಕ್ಯಾಲೆಂಡರ್ ಇತ್ತು. ವರ್ಷ ಮುಗಿದ ಮೇಲೂ ಯಾರೂ ತೆಗೆಯಲಿಲ್ಲ. ಕೆಳಗಿನ ತಾರೀಕುಗಳನ್ನು ಕತ್ತರಿಸಿ ಚಿತ್ರ ಮಾತ್ರ ಇಟ್ಟುಕೊಂಡಿದ್ದರು. ನಾನು ಹುಟ್ಟುವ ಮೊದಲಿನಿಂದಲೂ ಅವಳು ಅಲ್ಲೇ ದೀಪ ಹಿಡಿದು ನಿಂತಿದ್ದಳು. ಎಣ್ಣೆ ಜಿಡ್ಡಿಗೆ ಮುಖ ಹಳದಿ ಆಗಿತ್ತು.

ಅಸಲಿ ಚಿತ್ರವನ್ನು ಕತ್ತಲ ಕೋಣೆಯಲ್ಲಿ ಇಟ್ಟಿದ್ದಾರೆ. ಒಳಗೆ ಹೋದ ಕೂಡಲೇ ನನ್ನ ಮಗಳು ಕೇಳಿದ್ದು, "ಅಪ್ಪಾ, ಹಿಂದೆ ಬಲ್ಬ್ ಹಾಕಿದ್ದಾರಾ?" ಅತ್ತೆ "ರವಿವರ್ಮ ಅಂದ್ರೆ ಸುಮ್ನೆ ಅಲ್ಲ" ಎಂದರು. ಪಕ್ಕದಲ್ಲಿದ್ದ ಗೈಡ್ ತಿರುಗಿ, "ಅಮ್ಮ, ಇದು ರವಿವರ್ಮಂದಲ್ಲ, ಹಲ್ದಂಕರ್ ಅವರದ್ದು. ಎಣ್ಣೆ ಬಣ್ಣವೂ ಅಲ್ಲ, ವಾಟರ್ ಕಲರ್" ಎಂದ. ಅತ್ತೆ ಬಸ್ ಹತ್ತುವ ತನಕ ಅವನ ಮೇಲೆ ಸಿಟ್ಟಾಗಿದ್ದರು.

ನಾನು ಶಾಲೆಯಲ್ಲಿ ಡ್ರಾಯಿಂಗ್ ಲೋಯರ್ ಗ್ರೇಡ್ ಪಾಸಾದವನು. ಅಷ್ಟೇ ನನ್ನ ಕಲೆ. ನಾನು ವಾಟರ್ ಕಲರ್ ಹಚ್ಚಿದಾಗಲೆಲ್ಲ ಅದು ಗದ್ದೆ ಕೆಸರಿನ ಬಣ್ಣಕ್ಕೆ ತಿರುಗುತ್ತಿತ್ತು. ಆ ನೀರುನೀರು ಬಣ್ಣದಲ್ಲಿ ಅಂಥ ಬೆಳಕು ಹೇಗೆ ಬರುತ್ತದೆ? ಈ ಹಲ್ದಂಕರ್ ಯಾರು? ಹೆಸರು ಕೇಳಿದರೆ ನಮ್ಮ ಕಡೆಯವರ ಹಾಗೆ ಇದೆ.

ದೋಣಿಮನೆ

ನಮ್ಮ ಮನೆಯಲ್ಲೂ ಅದೇ ಕ್ಯಾಲೆಂಡರ್! ದೇವರ ಕೋಣೆಯಲ್ಲಿತ್ತು. ನಾನು ಸುಮಾರು ದಿನ ಅವಳನ್ನು ಲಕ್ಷ್ಮಿ ಅಂತಲೇ ತಿಳಿದು ಕೈ ಮುಗಿಯುತ್ತಿದ್ದೆ.

ಕುಮಟಾ ಮಾಸ್ತರ್

ಗೈಡ್ ಹೇಳಿದ್ದು ಪೂರ್ತಿ ಸರಿ. ನಿಮ್ಮ ಅತ್ತೆಯವರಿಗೆ ಬೇಜಾರಾಗುವುದು ಬೇಡ, ಕರ್ನಾಟಕದ ಅರ್ಧ ಜನ ಹಾಗೇ ತಿಳಿದಿದ್ದಾರೆ. ನಾನು ಮೂವತ್ತು ವರ್ಷ ಡ್ರಾಯಿಂಗ್ ಮಾಸ್ತರಿಕೆ ಮಾಡಿದವನು. ಪ್ರವಾಸಕ್ಕೆ ಹೋಗಿ ಬಂದ ಮಕ್ಕಳು ಪ್ರತಿ ವರ್ಷ "ಸರ್, ರವಿವರ್ಮನ ದೀಪ ನೋಡಿದ್ವಿ" ಎನ್ನುತ್ತಿದ್ದರು. ಪ್ರತಿ ವರ್ಷ ತಿದ್ದುತ್ತಿದ್ದೆ.

ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ ಆಮೇಲೆ ಎಷ್ಟೋ ವರ್ಷಕ್ಕೆ ಬಂದದ್ದು. ಹಾಗಾದರೆ ಅವನ ಹೆಸರು ಯಾಕೆ ಅಂಟಿತು? ಅವನು 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಪ್ರೆಸ್ ಹಾಕಿದ. ಅಲ್ಲಿಂದ ಅಗ್ಗದ ದೇವರ ಪಟಗಳು ಮನೆಮನೆಗೆ ಬಂದವು. ಆಮೇಲೆ ಸೀರೆ ಉಟ್ಟ ಚಂದದ ಹೆಂಗಸು ಪಟದಲ್ಲಿ ಕಂಡರೆ ಸಾಕು, ಜನ ರವಿವರ್ಮ ಎಂದುಬಿಡುತ್ತಿದ್ದರು. ಮೇಲಾಗಿ ಜಗನ್ಮೋಹನದಲ್ಲಿ ಅವನ ಅಸಲಿ ಚಿತ್ರಗಳೂ ಇವೆ. ಒಂದೇ ಕಟ್ಟಡದಲ್ಲಿ ನೋಡಿದವರಿಗೆ ಗೊಂದಲ ಆಗುವುದು ಸಹಜ.

ಇನ್ನು ಹಲ್ದಂಕರ್. ಪೂರ್ತಿ ಹೆಸರು ಸಾವಳಾರಾಮ ಲಕ್ಷ್ಮಣ ಹಲ್ದಂಕರ್. ಹುಟ್ಟಿದ್ದು 1882ರಲ್ಲಿ, ಸಾವಂತವಾಡಿಯಲ್ಲಿ. ಕಾರವಾರದಲ್ಲಿ ರೈಲು ಹತ್ತಿ ಗೋವಾ ದಾಟಿದರೆ ಸಾವಂತವಾಡಿ. ಅಂದರೆ ಹೆಸರು ಮಾತ್ರ ಅಲ್ಲ, ಮಳೆ, ಮೀನು, ಕೆಂಪು ಮಣ್ಣು ಎಲ್ಲ ನಮ್ಮದೇ. ಅಲ್ಲಿಂದ ಮುಂಬಯಿಗೆ ಹೋಗಿ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತರು. 1908ರಲ್ಲಿ ಮುಂಬಯಿಯಲ್ಲೇ ಸ್ವಂತ ಚಿತ್ರಕಲಾ ಶಾಲೆ ತೆರೆದರು. 1918ರಲ್ಲಿ ಆರ್ಟ್ ಸೊಸೈಟಿ ಆಫ್ ಇಂಡಿಯಾ ಕಟ್ಟಿದವರಲ್ಲಿ ಒಬ್ಬರು. ಎಣ್ಣೆ ಬಣ್ಣದಲ್ಲೂ ಮುಖಚಿತ್ರ ಬರೆದಿದ್ದಾರೆ. ಆದರೆ ಕೈ ಪಳಗಿದ್ದು ಜಲವರ್ಣದಲ್ಲಿ. 1968ರಲ್ಲಿ ತೀರಿಕೊಂಡರು.

ದೀಪ ಹಿಡಿದವಳು ಅವರ ಮಗಳು ಗೀತಾ. ದೀಪಾವಳಿಯ ಹೊತ್ತಿನಲ್ಲಿ ಸೀರೆ ಉಟ್ಟು ದೀಪ ಹಿಡಿದ ಮಗಳನ್ನು ಕಂಡು ಹೊಳೆದ ಚಿತ್ರವಂತೆ. ಜಲವರ್ಣದಲ್ಲಿ ತಪ್ಪಾದರೆ ಅಳಿಸುವ ಹಾಗಿಲ್ಲ. ಅದಕ್ಕೇ, ಅದರಲ್ಲೇ ಮಾಡಿ ತೋರಿಸುತ್ತೇನೆ ಎಂದು ಹಟದಿಂದ ಬರೆದರು ಎಂದು ಹೇಳುತ್ತಾರೆ. ಆ ಮಗಳು ಮುಂದೆ ಕೊಲ್ಹಾಪುರದಲ್ಲಿದ್ದರು. 2018ರಲ್ಲಿ, 102ನೇ ವಯಸ್ಸಿನಲ್ಲಿ ಹೋದರು. ನಿಮ್ಮ ಅಕ್ಕಿ ಡಬ್ಬದ ಮೇಲಿದ್ದ ಹುಡುಗಿ ಮೊನ್ನೆ ಮೊನ್ನೆಯವರೆಗೂ ಇದ್ದರು, ನೋಡಿ.

ಕೋಡಿಬಾಗ

ಮಾಸ್ತರ್ರೇ, ಇದನ್ನು ಅತ್ತೆಗೆ ಓದಿ ಹೇಳಿದೆ. 102 ವರ್ಷ ಎಂದಾಗ "ಅಯ್ಯೋ, ಬದುಕಿದ್ರಾ!" ಎಂದು ಕೂತುಬಿಟ್ಟರು. ಈಗ ಗೈಡ್ ಮೇಲಿನ ಸಿಟ್ಟು ಇಳಿದಿದೆ.

ತೋಡೂರು

ಎಲ್ಲ ಸರಿ. ಆದ್ರೆ ಒಂದು ಮಾತು ಕೇಳ್ತೇನೆ, ಯಾರೂ ಬೈಬೇಡಿ. ಕಂಡದ್ದನ್ನು ಕಂಡ ಹಾಗೇ ಬರೆಯೋದರಲ್ಲಿ ಏನು ದೊಡ್ಡಸ್ತಿಕೆ? "ಫೋಟೋ ಥರ ಇದೆ" ಅಂತ ಹೊಗಳ್ತಾರೆ. ಹಾಗಿದ್ರೆ ಫೋಟೋನೇ ತೆಗೀಬಹುದಲ್ಲ. ಈಗಂತೂ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ದೋಣಿ, ತೆಂಗಿನಮರ, ಸೂರ್ಯಾಸ್ತ ಅಂತ ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಬರೆದದ್ದೇ ಬರೆದದ್ದು. ಟ್ಯಾಗೋರ್ ಬೀಚಿನಲ್ಲಿ ಐದು ನಿಮಿಷಕ್ಕೆ ನಾನು ಐವತ್ತು ತೆಗೀತೇನೆ.

ಬಣ್ಣದಡಬ್ಬಿ

ತೋಡೂರು ಅವರ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಬೆಳಕಿನ ಪ್ರಶ್ನೆ, ಯಾಕಂದ್ರೆ ಅದು ನನಗೆ ಇಷ್ಟ. ನಾನು ಶಿರಸಿಯವಳು, ಮಕ್ಕಳಿಗೆ ಪೇಂಟಿಂಗ್ ಕ್ಲಾಸ್ ತೆಗೆದುಕೊಳ್ಳುತ್ತೇನೆ.

ಎಣ್ಣೆ ಬಣ್ಣದಲ್ಲಿ ಕತ್ತಲೆ ಮೊದಲು ಹಚ್ಚಿ, ಕೊನೆಗೆ ಬೆಳಕನ್ನು ಮೇಲೆ ಇಡಬಹುದು. ಬಿಳಿ ಬಣ್ಣ ದಪ್ಪಗೆ ಒಂದು ಚುಕ್ಕಿ ಇಟ್ಟರೆ ದೀಪ ಹೊತ್ತಿಕೊಳ್ಳುತ್ತದೆ. ಜಲವರ್ಣದಲ್ಲಿ ಇದು ತಿರುಗುಮುರುಗು. ಬಣ್ಣ ಎಷ್ಟು ತೆಳು ಅಂದ್ರೆ ಬೆಳಕು ಅದರೊಳಗೆ ಹೋಗಿ, ಕೆಳಗಿನ ಬಿಳಿ ಕಾಗದಕ್ಕೆ ಬಡಿದು, ವಾಪಸ್ ನಮ್ಮ ಕಣ್ಣಿಗೆ ಬರುತ್ತದೆ. ಹಾಗಾಗಿ ಬಿಳಿ ಅಂದ್ರೆ ಕಾಗದವೇ. ಅದನ್ನು ಹಚ್ಚುವುದಿಲ್ಲ, ಉಳಿಸಿಕೊಳ್ಳುವುದು. ಒಂದು ಸಲ ಮುಚ್ಚಿದಿರೋ, ಹೋಯ್ತು.

ಶಿರಸಿಯ ಮಾರಿಕಾಂಬಾ ಗುಡಿಯ ಗೋಡೆಯಲ್ಲಿ ಕಾವಿ ಚಿತ್ರ ನೋಡಿದ್ದೀರಲ್ಲ? ಅಲ್ಲೂ ಬಿಳಿ ಹಚ್ಚಿದ್ದಲ್ಲ. ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿ ಬಳಿದು, ಅದನ್ನು ಕೆರೆದು ಅಡಿಯ ಬಿಳಿಯನ್ನು ಹೊರಗೆ ತರುತ್ತಾರೆ. ನಾನು ಮಕ್ಕಳಿಗೆ ಜಲವರ್ಣ ಶುರು ಮಾಡುವ ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ. ವ್ಯತ್ಯಾಸ ಒಂದೇ. ಕಾವಿಯಲ್ಲಿ ಕೆರೆಯಬಹುದು, ನಮ್ಮ ಕಾಗದದಲ್ಲಿ ಕೆರೆದರೆ ತೂತು.

ಈಗ ದೀಪ. ನಾನು ಮಾಡುವ ಕ್ರಮ ಹೇಳುತ್ತೇನೆ. ಜ್ವಾಲೆಯ ಜಾಗ ಒಣಗಿದ ಹಾಗೇ ಬಿಡಬೇಕು. ಅದರ ಸುತ್ತ ಬರೀ ನೀರು ಸವರಬೇಕು. ಆ ಒದ್ದೆಯಲ್ಲಿ ತೆಳು ಹಳದಿ ಬಿಟ್ಟರೆ ಅದು ತಾನೇ ಹೊರಗೆ ಹರಡುತ್ತ ಮಾಸುತ್ತದೆ. ಪೂರ್ತಿ ಒಣಗಬೇಕು. ಆಮೇಲೆ ಸ್ವಲ್ಪ ದೂರದಿಂದ ಕಿತ್ತಳೆ. ಮತ್ತೆ ಒಣಗಬೇಕು. ಆಮೇಲೆ ಕಂದು. ಕೊನೆಗೆ ಹಿನ್ನೆಲೆಯ ಕತ್ತಲೆ, ಅದೂ ಮೂರು ನಾಲ್ಕು ಪದರದಲ್ಲಿ. ಟ್ಯೂಬಿನ ಕಪ್ಪು ಹಚ್ಚಿದರೆ ಮಸಿ ಬಳಿದ ಹಾಗೆ ಸತ್ತುಹೋಗುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಸೇರಿಸಿ. ಬರುವ ಕತ್ತಲೆ ನಮ್ಮ ಜಗಲಿಯ ಮೂಲೆಯ ಕತ್ತಲೆಯ ಹಾಗೆ ಉಸಿರಾಡುತ್ತದೆ.

ಒಂದು ಆಟ ಮಾಡಿ ನೋಡಿ. ದಪ್ಪ ಕಾಗದದಲ್ಲಿ ಎರಡು ಸಣ್ಣ ತೂತು ಮಾಡಿ. ಕ್ಯಾಲೆಂಡರಿನ ಮೇಲೆ ಇಟ್ಟು, ಒಂದು ತೂತಿನಿಂದ ಅವಳ ಕೆನ್ನೆಯ ಬೆಳಕು, ಇನ್ನೊಂದರಿಂದ ಪಕ್ಕದ ನೆರಳು ನೋಡಿ. ಕೆನ್ನೆ ನೀವು ಅಂದುಕೊಂಡಷ್ಟು ಬೆಳ್ಳಗೆ ಇರುವುದಿಲ್ಲ. ಸುಮಾರು ಕಂದೇ ಇರುತ್ತದೆ. ಸುತ್ತಲಿನ ಕತ್ತಲೆ ಅದನ್ನು ಉರಿಸುತ್ತಿದೆ. ಬಲ್ಬ್ ಇರುವುದು ಅಲ್ಲಿ.

ಅಪ್ಪೆಮಿಡಿ

ಬಣ್ಣದಡಬ್ಬಿ ಅಕ್ಕ, ನೀವು ಇಷ್ಟು ಚಂದ ಹೇಳಿದ್ದಕ್ಕೆ ಒಂದು ಲೋಟ ಕೋಕಂ ನನ್ನ ಕಡೆಯಿಂದ.

ಜಲವರ್ಣ ಅಂದ್ರೆ ನನಗೆ ಮೊದಲು ನೆನಪಾಗುವುದು ಕೆ. ವೆಂಕಟಪ್ಪ (1886–1965). ಬೆಂಗಳೂರಿನ ಕಸ್ತೂರಬಾ ರಸ್ತೆಯ ಗ್ಯಾಲರಿಗೆ ಅವರದ್ದೇ ಹೆಸರು. ಊಟಿ, ಕೊಡೈಕನಾಲ್ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದಿದ್ದಾರೆ. ಕಣಿವೆಯಿಂದ ಮೋಡ ಏಳುವುದನ್ನು ನೋಡಿದರೆ ನಮ್ಮ ದೇವಿಮನೆ ಘಟ್ಟದಲ್ಲಿ ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ಕಾಣುವ ಹಾಗೇ. ಅವರು ವೀಣೆ ಶೇಷಣ್ಣನವರ ಹತ್ತಿರ ವೀಣೆಯನ್ನೂ ಕಲಿತವರು. ಅವರನ್ನೂ ಕಂಡದ್ದನ್ನು ಕಂಡ ಹಾಗೆ ಬರೆದವರು ಅನ್ನಬಹುದಾ?

ಕುಮಟಾ ಮಾಸ್ತರ್

ಬೆಟ್ಟಗಳ ಚಿತ್ರಗಳಲ್ಲಿ ಖಂಡಿತ ಅನ್ನಬಹುದು. ಆದರೆ ದಾರಿ ಬೇರೆ. ವೆಂಕಟಪ್ಪನವರು ಕಲಿತದ್ದು ಕಲಕತ್ತೆಯಲ್ಲಿ, ಅವನೀಂದ್ರನಾಥ ಟಾಗೋರರ ಬಳಿ. ಅಲ್ಲಿಯ ಪದ್ಧತಿಯಲ್ಲಿ ಬಣ್ಣ ಹಚ್ಚಿ ಇಡೀ ಕಾಗದವನ್ನೇ ನೀರಿನಲ್ಲಿ ತೊಳೆಯುತ್ತಾರೆ. ಮತ್ತೆ ಬಣ್ಣ, ಮತ್ತೆ ತೊಳೆ. ಎಲ್ಲದರ ಮೇಲೂ ಒಂದು ಮಂಜು ಕೂರುತ್ತದೆ. ಮುಂಬಯಿಯ ಜೆ.ಜೆ.ಯಲ್ಲಿ ಹಾಗಲ್ಲ. ಎದುರಿಗೆ ಆಳನ್ನು ಕೂರಿಸಿ, ಬೆಳಕು ಯಾವ ಕಡೆಯಿಂದ, ನೆರಳು ಎಲ್ಲಿ ಬಿತ್ತು, ಮೂಗಿನ ಎಲುಬು ಎಲ್ಲಿ ಮುಗಿಯಿತು, ಇದೇ ಪಾಠ. ಅವನೀಂದ್ರರ ಶಿಷ್ಯರು ಮುಂಬಯಿಯವರನ್ನು ಇಂಗ್ಲಿಷರ ನಕಲು ಎನ್ನುತ್ತಿದ್ದರು. ಮುಂಬಯಿಯವರು ಅವರಿಗೆ ಕೈಕಾಲು ಬರೆಯಲು ಬರುವುದಿಲ್ಲ ಎನ್ನುತ್ತಿದ್ದರು. ವೆಂಕಟಪ್ಪನವರ ಬೆಟ್ಟ ನೋಡಿದರೆ ಈ ಜಗಳಕ್ಕೆ ಅರ್ಥವಿಲ್ಲ ಅನಿಸುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಹಾಗಾಗಿ ನಮ್ಮ ಹಳೆಯ ಡ್ರಾಯಿಂಗ್ ಮಾಸ್ತರರ ಕೈಯಲ್ಲಿ ಇದ್ದದ್ದು ಮುಂಬಯಿ ಪಾಠ. ನನ್ನ ಗುರುಗಳೂ ಅದೇ ತಲೆಮಾರು.

ಅಂದಹಾಗೆ ಅವನೀಂದ್ರರು ರವೀಂದ್ರರಿಗೆ ಸಂಬಂಧದಲ್ಲಿ ಅಣ್ಣನ ಮಗ. ರವೀಂದ್ರರ ಸ್ವಂತ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಡ್ಜ್ ಆಗಿದ್ದರು. 1883ರಲ್ಲಿ ರವೀಂದ್ರರು ಇಲ್ಲಿಗೆ ಬಂದು ಉಳಿದದ್ದು ಅವರ ಮನೆಯಲ್ಲೇ.

ದೋಣಿಮನೆ

ಮಾಸ್ತರ್ರೇ, ಯಾವ ಕಥೆ ಹೇಳಿದರೂ ಕೊನೆಗೆ ಕಾರವಾರಕ್ಕೇ ತಂದು ನಿಲ್ಲಿಸ್ತೀರಿ.

ಕುಮಟಾ ಮಾಸ್ತರ್

ನಾನು ಕುಮಟೆಯವನು ಮಾರಾಯ, ನನಗೇನು ಲಾಭ?

ತೋಡೂರು ಅವರಿಗೆ ಉತ್ತರ ಬಾಕಿ ಇದೆ. ಕಂಡದ್ದನ್ನು ಕಂಡ ಹಾಗೆ ಎಂದಿರಿ. ಒಂದು ದಿನ ಬೈತಖೋಲ ಬಂದರಿನಲ್ಲಿ ಬೆಳಿಗ್ಗೆ ಏಳಕ್ಕೆ ಕೂತು ಬರೆಯಲು ಶುರು ಮಾಡಿ. ಎಂಟಕ್ಕೆ ನೆರಳು ಜಾಗ ಬಿಟ್ಟಿರುತ್ತದೆ. ನೀವು ಬರೆಯುತ್ತಿದ್ದ ದೋಣಿಯನ್ನು ಯಾರೋ ಬಿಚ್ಚಿಕೊಂಡು ಹೋಗಿರುತ್ತಾರೆ. ಇಳಿತ ಹೋಗಿ ಉಬ್ಬರ ಬಂದಿರುತ್ತದೆ. ಹತ್ತಕ್ಕೆ ಏಳುವಾಗ ಕಾಗದದ ಮೇಲೆ ಇರುವುದು ಯಾವ ಗಳಿಗೆಯ ಸಮುದ್ರ? ಎಲ್ಲಿಯೂ ಇರದ ಒಂದು ಗಳಿಗೆ. ಮೂರು ತಾಸು ನೋಡಿದವನ ತಲೆಯಲ್ಲಿ ಮಾತ್ರ ಇದ್ದದ್ದು.

ಆದರೂ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ನಾನು ಚಂದ ಕಾಣಲಿ ಎಂದು ಕರೆಂಟ್ ಕಂಬಗಳನ್ನು ಬಿಟ್ಟುಬಿಡುತ್ತಿದ್ದೆ. ಗುರುಗಳು ಬೈಯುತ್ತಿದ್ದರು. "ಕಂಬ ಇದ್ರೆ ಕಂಬ ಬರಿ. ನಿನಗೆ ಬೇಡ ಅಂತ ಕರೆಂಟ್ ಆಫೀಸಿನವರು ಕಿತ್ತುಕೊಂಡು ಹೋಗಿದ್ದಾರಾ?" ನನ್ನ ಹಳೆಯ ಚಿತ್ರಗಳಲ್ಲಿ ಕುಮಟೆಗೆ ಇನ್ನೂ ಕರೆಂಟೇ ಬಂದಿಲ್ಲ.

ತೋಡೂರು

ಹ್ಹ ಹ್ಹ. ಮಾತು ಚಂದ ಇದೆ ಮಾಸ್ತರ್ರೇ. ಆದ್ರೂ ಒಪ್ಪಿಲ್ಲ.

ಅಂಕೋಲೆ ಅಕ್ಕ (ಮಂಗಳವಾರ)

ಎರಡು ದಿನದಿಂದ ಓದುತ್ತಿದ್ದೇನೆ. ಕೇಳಲೋ ಬೇಡವೋ ಅಂತಿದ್ದೆ. ನನ್ನ ಅಪ್ಪನೂ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರು. ತೀರಿಕೊಂಡು ಹನ್ನೊಂದು ವರ್ಷ ಆಯ್ತು. ಭಾನುವಾರ ಆದರೆ ಸೈಕಲ್ಲಿಗೆ ಬಣ್ಣದ ಚೀಲ, ಒಂದು ಬಾಟ್ಲಿ ನೀರು, ಅವಲಕ್ಕಿ ಕಟ್ಟಿಕೊಂಡು ಹೊರಟರೆ ಮಧ್ಯಾಹ್ನಕ್ಕೇ ಬರುವುದು. ದೂರ ಆದರೆ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೋಗುತ್ತಿದ್ದರು. ಯಾರಿಗೂ ಮಾರಲಿಲ್ಲ. ಪ್ರದರ್ಶನವೂ ಇಲ್ಲ. ಅಮ್ಮ "ಆ ಕಾಗದದ ದುಡ್ಡಿಗೆ ಎರಡು ತೊಲೆ ಬಂಗಾರ ಬರ್ತಿತ್ತು" ಎನ್ನುತ್ತಿದ್ದಳು.

ಚಿತ್ರಗಳು ಅಟ್ಟದ ಮೇಲೆ ಟ್ರಂಕಿನಲ್ಲಿ ಇದ್ದವು. ಮೊನ್ನೆ ತೆಗೆದರೆ ಬೂಷ್ಟಿನ ವಾಸನೆ. ಕೆಲವಕ್ಕೆ ಒರಲೆ ಹತ್ತಿದೆ. ಕೆಲವದರ ಮೇಲೆ ಕಂದು ಚುಕ್ಕೆ. ಎರಡು ವರ್ಷದ ಹಿಂದೆ ಒಂದು ಚಿತ್ರವನ್ನು ಕಟ್ಟು ಹಾಕಿಸಲು ಕೊಟ್ಟಿದ್ದೆ. ಅಂಗಡಿಯವನು ಅದನ್ನು ಗೋಂದು ಹಚ್ಚಿ ಪ್ಲೈವುಡ್ಡಿಗೆ ಅಂಟಿಸಿ ಮೇಲೆ ಲ್ಯಾಮಿನೇಶನ್ ಮಾಡಿಕೊಟ್ಟ. "ಇನ್ನು ನೂರು ವರ್ಷ ಏನೂ ಆಗಲ್ಲ ಅಕ್ಕೋರೇ" ಎಂದ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಒಳಗೇ ಉಬ್ಬಿ ಗುಳ್ಳೆ ಎದ್ದಿದೆ. ಅದು ಗಂಗಾವಳಿ ದಾಟುವ ದೋಣಿಯ ಚಿತ್ರ. ನಾನು ಸಣ್ಣವಳಿದ್ದಾಗ ಅಪ್ಪನ ಪಕ್ಕ ಕೂತು ನೋಡಿದ್ದು.

ಉಳಿದವನ್ನು ಹಾಳು ಮಾಡಿಕೊಳ್ಳಬಾರದು. ಏನು ಮಾಡಲಿ? ಒಂದರ ಫೋಟೋ ಹಾಕಿದ್ದೇನೆ. ಆಕಾಶದ ಭಾಗದಲ್ಲಿ ತುಂಬ ಕಲೆ ಇದೆ ನೋಡಿ. ಅದನ್ನು ಒರೆಸಬಹುದಾ?

ಬಣ್ಣದಡಬ್ಬಿ

ಅಕ್ಕ, ದಯವಿಟ್ಟು ಏನನ್ನೂ ಒರೆಸಬೇಡಿ! ಒದ್ದೆ ಬಟ್ಟೆಯಂತೂ ಹತ್ತಿರವೂ ತರಬೇಡಿ. ಜಲವರ್ಣವನ್ನು ಕಾಗದಕ್ಕೆ ಹಿಡಿದಿಟ್ಟಿರುವುದು ಬರೀ ಒಂದು ಮರದ ಅಂಟು. ನೀರು ತಾಗಿದರೆ ನಲವತ್ತು ವರ್ಷದ ಮೇಲೂ ಬಣ್ಣ ಎದ್ದು ಬರುತ್ತದೆ.

ಮೊದಲು ಟ್ರಂಕಿನಿಂದ ತೆಗೆದು ಗಾಳಿಯಾಡುವ ಕೋಣೆಯಲ್ಲಿ ಒಂದೊಂದಾಗಿ ಹರಡಿ. ಬಿಸಿಲಿಗೆ ಬೇಡ. ಫ್ಯಾನ್ ಇರಲಿ, ಆದರೆ ನೇರ ಬಡಿಯಬಾರದು. ಒರಲೆ ಹತ್ತಿದವನ್ನು ಬೇರೆ ಕೋಣೆಯಲ್ಲಿಡಿ. ಬೂಷ್ಟು ಪೂರ್ತಿ ಒಣಗಿ ಪುಡಿಯಾದ ಮೇಲೆ, ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಣ ಮೆತ್ತನೆ ಬ್ರಶ್ಶಿನಿಂದ ಹಗುರಾಗಿ ತಳ್ಳಿ. ತಿಕ್ಕಬೇಡಿ. ಕಂದು ಚುಕ್ಕೆ ಕಾಗದದ ಒಳಗೇ ಇಳಿದಿರುತ್ತದೆ, ಅದು ಇರಲಿ. ತೆಗೆಯಲು ಹೋಗಿ ಚಿತ್ರ ಕಳೆದುಕೊಂಡವರು ಜಾಸ್ತಿ.

ಕಟ್ಟು ಹಾಕಿಸುವುದಾದರೆ ಆಮ್ಲ ಇಲ್ಲದ ಬೋರ್ಡು ಕೇಳಿ. ಗಾಜಿಗೂ ಚಿತ್ರಕ್ಕೂ ನಡುವೆ ಸಂದು ಇರಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಗಾಜು ಬೆವರಿ ಚಿತ್ರಕ್ಕೆ ಅಂಟುತ್ತದೆ. ಮೇಲಿನ ಎರಡು ಮೂಲೆಯಲ್ಲಿ ಮಾತ್ರ ಕಾಗದದ ಪಟ್ಟಿಯಿಂದ ತೂಗಬೇಕು. ಯಾವ ಗೋಂದೂ ಬೇಡ, ಯಾವ ಲ್ಯಾಮಿನೇಶನ್ನೂ ಬೇಡ. ಬಿಸಿಲು ಬೀಳುವ ಗೋಡೆಯೂ ಬೇಡ. ಮೈಸೂರಿನ ಚಿತ್ರ ಕತ್ತಲಲ್ಲಿ ಇರುವುದು ಬರೀ ನಾಟಕಕ್ಕೆ ಅಂದುಕೊಳ್ಳಬೇಡಿ. ಕಾಗದದ ಮೇಲಿನ ಚಿತ್ರಗಳಿಗೆ ಮ್ಯೂಸಿಯಂಗಳಲ್ಲಿ ಸುಮಾರು 50 ಲಕ್ಸ್ (ಬೆಳಕಿನ ಅಳತೆ) ಬೆಳಕು ಸಾಕು ಎನ್ನುತ್ತಾರೆ. ನಮ್ಮ ಜಗಲಿಯಲ್ಲಿ ಮಧ್ಯಾಹ್ನ ಅದರ ಹತ್ತಾರು ಪಟ್ಟು ಇರುತ್ತದೆ.

ಇನ್ನು ನೀವು ಹಾಕಿದ ಫೋಟೋ. ದೊಡ್ಡದು ಮಾಡಿ ಮೂರು ಸಲ ನೋಡಿದೆ. ಅಕ್ಕ, ಆಕಾಶದಲ್ಲಿ ಇರುವುದು ಬೂಷ್ಟು ಅಲ್ಲ ಅನಿಸುತ್ತದೆ. ಒಂದೊಂದು ಕಲೆಯೂ ನಡುವೆ ತೆಳು, ಅಂಚಿನಲ್ಲಿ ಗಾಢ, ಅಂಚು ಹೂಕೋಸಿನ ಹಾಗೆ ಸುರುಳಿ. ಬಣ್ಣ ಅರೆ ಒಣಗಿದ್ದಾಗ ಮೇಲಿನಿಂದ ಹನಿ ಬಿದ್ದರೆ ಹೀಗೇ ಆಗುವುದು. ಹನಿಯ ನೀರು ಬಣ್ಣವನ್ನು ಹೊರಗೆ ದೂಡುತ್ತದೆ, ಅದು ಅಂಚಿನಲ್ಲಿ ಹೋಗಿ ಕೂರುತ್ತದೆ. ಅದು ಮಳೆ. ನಿಮ್ಮ ಅಪ್ಪ ಬರೆಯುತ್ತಿದ್ದಾಗಲೇ ಬಿದ್ದದ್ದು. ಕಾಗದ ತಿರುಗಿಸಿ ನೋಡಿ. ಬೂಷ್ಟಾದರೆ ಸಾಮಾನ್ಯವಾಗಿ ಹಿಂದೆಯೂ ಕಾಣುತ್ತದೆ.

ಅಪ್ಪೆಮಿಡಿ

ಮಳೆಗಾಲದಲ್ಲಿ ಜಲವರ್ಣ ಬರೆಯುವ ಕಷ್ಟ ಘಟ್ಟದ ಕೆಳಗಿನವರಿಗೇ ಗೊತ್ತು. ಜುಲೈಯಲ್ಲಿ ಹೊನ್ನಾವರದ ನೆಂಟರ ಮನೆಯಲ್ಲಿ ಬರೆಯಲು ಕೂತಿದ್ದೆ. ಆಕಾಶ ಹಚ್ಚಿ, ಊಟ ಮಾಡಿ, ಮಲಗಿ ಎದ್ದು ಬಂದರೂ ಒದ್ದೆ. ಹೊಸ ಕಾಗದವೇ ಒಂದು ಮಳೆಗಾಲ ಕಂಡರೆ ಒತ್ತುಕಾಗದದ ಹಾಗೆ ಬಣ್ಣ ಹೀರುತ್ತದೆ.

ಮಧ್ಯೆ ಒಂದು ವಿಷಯ. ನಮ್ಮ ಬೆಟ್ಟದಲ್ಲಿ ಅರಿಶಿನಗುರುಗಿ ಮರ ಇದೆ, ಮುರುಗಲು, ಉಪ್ಪಾಗೆ ಜಾತಿಯದ್ದೇ. ತೊಗಟೆಗೆ ಕತ್ತಿ ತಾಗಿದರೆ ಹಳದಿ ಅಂಟು ಬರುತ್ತದೆ. ಜಲವರ್ಣದ ಹಳೆಯ ಪೆಟ್ಟಿಗೆಗಳಲ್ಲಿದ್ದ ಗ್ಯಾಂಬೋಜ್ ಹಳದಿ ಇಂಥ ಮರಗಳ ಅಂಟೇ. ಪೇಟೆಗೆ ಬರುತ್ತಿದ್ದದ್ದು ಹೆಚ್ಚಾಗಿ ಕಾಂಬೋಡಿಯಾದ ಕಡೆಯಿಂದ, ಹೆಸರೂ ಹಾಗೇ ಬಂತು. ಬಿಸಿಲಿಗೆ ಮಾಸುತ್ತದೆ ಅಂತ ಈಗ ಟ್ಯೂಬಿನ ಮೇಲೆ ಹೆಸರು ಮಾತ್ರ, ಒಳಗೆ ಬೇರೆ ಬಣ್ಣ. ನಾನು ಒಂದು ಸಲ ಅಂಟು ತಂದು ನೀರಲ್ಲಿ ಉಜ್ಜಿ ಹಚ್ಚಿದ್ದೆ. ಎಂಥ ಹಳದಿ! ಆದ್ರೆ ಬ್ರಶ್ಶಿನ ತುದಿ ಚೂಪು ಮಾಡಲು ಬಾಯಿಗೆ ಹಾಕುವ ಚಟ ಇದ್ದವರು ಹುಷಾರು. ಅದು ಜೋರು ಭೇದಿಯ ಔಷಧಿಯೂ ಹೌದು.

ದೋಣಿಮನೆ

ಅನುಭವದ ಮಾತು ಅನ್ನಿಸ್ತಿದೆ.

ಅಪ್ಪೆಮಿಡಿ

ಆ ವಿಷಯ ಬಿಡಿ.

ಅಂಕೋಲೆ ಅಕ್ಕ (ಅದೇ ರಾತ್ರಿ)

ಬಣ್ಣದಡಬ್ಬಿ, ಕೈ ನಡುಗುತ್ತಿದೆ. ತಿರುಗಿಸಿ ನೋಡಿದೆ. ಹಿಂದೆ ಬೂಷ್ಟು ಇಲ್ಲ. ಕೆಳಗಿನ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಅಪ್ಪನ ಅಕ್ಷರ.

"30-5-82. ಬೆಳಿಗ್ಗೆ 7. ಇಳಿತ. ಅರ್ಧಕ್ಕೆ ಮಳೆ."

ಊರಿನ ಹೆಸರು ಬರೆದಿಲ್ಲ. ಇದು ಎಲ್ಲಿ ಅಂತ ಯಾರಿಗಾದರೂ ಗೊತ್ತಾಗುತ್ತದಾ? ನನಗೆ ಬೇಲೆಕೇರಿ ಅನಿಸಿತು. ಅಮ್ಮ ಅಲ್ಲ ಎನ್ನುತ್ತಾಳೆ.

ಕುಮಟಾ ಮಾಸ್ತರ್

ಮೊದಲು ಚಿತ್ರದ ಬಗ್ಗೆ. ಅಕ್ಕಾ, ನಿಮ್ಮ ತಂದೆಯವರು ಸಣ್ಣ ಕೈಯವರಲ್ಲ. ಒದ್ದೆ ಮರಳನ್ನು ನೋಡಿ. ಒಂದೇ ಎಳೆತದಲ್ಲಿ ಹಚ್ಚಿ ಬಿಟ್ಟಿದ್ದಾರೆ, ಮತ್ತೆ ಮುಟ್ಟಿಲ್ಲ. ಪಾತಿ ದೋಣಿಯ ನೆರಳು ಮರಳಿಗೆ ತಾಗುವ ಕಡೆ ಗಟ್ಟಿ, ದೂರ ಹೋದ ಹಾಗೆ ಸಡಿಲ. ಬಲೆ ನೋಡಿ. ಒಂದೊಂದು ಕಣ್ಣನ್ನೂ ಬರೆದಿಲ್ಲ. ಒಣ ಬ್ರಶ್ಶನ್ನು ಕಾಗದದ ತರಿಯ ಮೇಲೆ ಎಳೆದಿದ್ದಾರೆ, ಬಲೆ ತಾನೇ ಆಗಿದೆ. ಇದನ್ನು ನಾನು ಇಪ್ಪತ್ತು ವರ್ಷ ಪ್ರಯತ್ನಪಟ್ಟೆ.

ಜಾಗ ನನಗೆ ಬೈತಖೋಲದ ಹಾಗೆ ಕಾಣುತ್ತದೆ. ದೂರದ ದ್ವೀಪ ಕೂರ್ಮಗಡ ಇರಬೇಕು.

ತೋಡೂರು (ಬುಧವಾರ ಬೆಳಗಿನ ಜಾವ)

ಮಾಸ್ತರ್ರೇ, ಅದು ಬೈತಖೋಲ ಅಲ್ಲ. ಕೂರ್ಮಗಡವೂ ಅಲ್ಲ.

ಅದು ಅಂಜುದ್ವೀಪ. ಅರ್ಗಾ ದಂಡೆಯಿಂದ ನೋಡಿದ್ದು. ದ್ವೀಪಕ್ಕೂ ದಡಕ್ಕೂ ಮಧ್ಯೆ ಬರೀ ನೀರಿದೆ ನೋಡಿ, ಈಗ ಅಲ್ಲಿ ಕಲ್ಲಿನ ತಡೆಗೋಡೆ ಇದೆ. ನೌಕಾಪಡೆಯ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿದ್ದದ್ದು 1986ರಲ್ಲಿ. ಕದಂಬ ನೌಕಾನೆಲೆ ಆದದ್ದು 2005ರಲ್ಲಿ. ಈ ಚಿತ್ರ 82ರದ್ದು. ನಮ್ಮ ಮನೆ ಅಲ್ಲೇ ಇತ್ತು. ಆ ಯೋಜನೆಗೆ ಅಂತ ನಮ್ಮನ್ನು ಎಬ್ಬಿಸಿದಾಗ ನಾನು ಸಣ್ಣವನು, ಸರಿಯಾಗಿ ನೆನಪಿಲ್ಲ. ತೋಡೂರಿನ ಪುನರ್ವಸತಿ ಕಾಲನಿಗೆ ಬಂದದ್ದು ಮಾತ್ರ ಗೊತ್ತು.

ನಮ್ಮ ಹತ್ತಿರ ಒಂದೂ ಫೋಟೋ ಇಲ್ಲ. ಆಗ ಯಾರ ಹತ್ತಿರ ಕ್ಯಾಮೆರಾ ಇತ್ತು? ಮದುವೆಯ ಎರಡು ಫೋಟೋ ಇವೆ, ಅವೂ ಪೇಟೆಯ ಸ್ಟುಡಿಯೋದಲ್ಲಿ, ಹಿಂದೆ ಪರದೆ. ಈಗ ಆ ದಂಡೆಗೆ ಹೋಗಲು ಬಿಡುವುದಿಲ್ಲ.

ಅಕ್ಕ, ಚಿತ್ರದ ಎಡಗಡೆ ತೆಂಗಿನ ಮರಗಳ ಹಿಂದೆ ಹಂಚಿನ ಮಾಡು ಎರಡು ಬೆರಳಷ್ಟು ಕಾಣುತ್ತದೆ. ಅದರ ಪಕ್ಕ ಒಂದು ಕರೆಂಟ್ ಕಂಬ. ಅದನ್ನು ಸ್ವಲ್ಪ ಹತ್ತಿರದಿಂದ ಫೋಟೋ ತೆಗೆದು ಹಾಕ್ತೀರಾ?

ಅಂಕೋಲೆ ಅಕ್ಕ

ಹಾಕಿದ್ದೇನೆ ತಮ್ಮಾ. ಕಿಟಕಿಯ ಹತ್ತಿರ ಹಿಡಿದು ತೆಗೆದದ್ದು.

ಕುಮಟಾ ಮಾಸ್ತರ್

ಕಂಬ ಬಿಟ್ಟಿಲ್ಲ ನೋಡಿ.

ಕೋಡಿಬಾಗ

ಒಂದು ಸಣ್ಣ ವರದಿ. ನಿನ್ನೆ ರಾತ್ರಿ ಕರೆಂಟ್ ಹೋದಾಗ ಮಗಳು ಮೇಣದಬತ್ತಿ ಹಚ್ಚಿ, ಅತ್ತೆಯನ್ನು ಎದುರಿಗೆ ಕೂರಿಸಿ ಬರೆಯಲು ಶುರು ಮಾಡಿದಳು. ಬಣ್ಣದಡಬ್ಬಿಯವರು ಹೇಳಿದ ಹಾಗೇ ಜ್ವಾಲೆಯ ಜಾಗ ಬಿಟ್ಟುಕೊಂಡಳು. ಒಣಗುವ ತನಕ ಕಾಯುವ ತಾಳ್ಮೆ ಮಾತ್ರ ಇರಲಿಲ್ಲ. ಕಿತ್ತಳೆ ಓಡಿಹೋಗಿ ಅತ್ತೆಯ ಗಲ್ಲಕ್ಕೆ ಗಡ್ಡ ಬಂದಿದೆ. ಆದರೆ ಜ್ವಾಲೆ ಬೆಳಗುತ್ತಿದೆ, ಸುಳ್ಳಲ್ಲ. ಅತ್ತೆ "ಇದಾದ್ರೂ ರವಿವರ್ಮಂದಲ್ಲ ಅಂತ ಗ್ಯಾರಂಟಿ" ಎಂದರು.

ತೋಡೂರು ಅವರೇ, ಮನೆ ಗುರುತು ಸಿಕ್ಕಿತಾ?

ತೋಡೂರು (ಬುಧವಾರ ರಾತ್ರಿ)

ಮಾಡು ನಮ್ಮದಲ್ಲ, ಪಕ್ಕದವರದ್ದು. ನಮ್ಮ ಮನೆ ಇನ್ನೂ ಎಡಕ್ಕೆ, ಕಾಗದದ ಹೊರಗೆ ಇರಬೇಕು ಅಂತ ಅಜ್ಜಿ ಹೇಳಿದಳು.

ಅಜ್ಜಿಗೆ ಎಂಬತ್ತೆಂಟು. ಮೊಬೈಲಿನಲ್ಲಿ ತೋರಿಸಿದೆ. ಚಿತ್ರ ಅಂತ ನಾನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಮಳೆ, ಪೆನ್ಸಿಲ್ ಅಕ್ಷರ, ಏನೂ ಹೇಳಿರಲಿಲ್ಲ. ತುಂಬ ಹೊತ್ತು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಆಮೇಲೆ ಬೆರಳಿನಿಂದ ಬಲೆ ತೋರಿಸಿ, "ಮಳೆ ಬರೋ ಹಾಗಿದೆ, ಬಲೆ ಇನ್ನೂ ಹೊರಗೇ ಬಿಟ್ಟಿದ್ದಾರಲ್ಲ, ಯಾರೂ ಇಲ್ವಾ ಅಲ್ಲಿ?" ಅಂತ ಕೇಳಿದಳು.

ಅಕ್ಕ, ಇದರ ಒಂದು ಪ್ರಿಂಟ್ ಮಾಡಿಸಿಕೊಳ್ಳಬಹುದಾ? ಖರ್ಚು ನಾನು ಕೊಡ್ತೇನೆ.

ಅಂಕೋಲೆ ಅಕ್ಕ

ಖರ್ಚಿನ ಮಾತು ಬೇಡ. ಕಾರವಾರದಲ್ಲಿ ಒಳ್ಳೆ ಸ್ಕ್ಯಾನರ್ ಇರುವ ಕಡೆ ಮಾಡಿಸುತ್ತೇನೆ. ಮಳೆ ಹನಿ ಹಾಗೇ ಇರಲಿ ಅಂತ ಹೇಳುತ್ತೇನೆ, ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಅಳಿಸಿಬಿಟ್ಟಾರು. ಯಾವ ಅಳತೆ ಬೇಕು?

ತೋಡೂರು

ಅಜ್ಜಿಯ ಮಂಚದ ಎದುರಿನ ಗೋಡೆಗೆ. ಈಗ ಅಲ್ಲಿ ಒಂದು ಕ್ಯಾಲೆಂಡರ್ ಇದೆ, ಅಷ್ಟೇ ದೊಡ್ಡದಾದರೆ ಸಾಕು. ನಾಳೆ ಅಳೆದು ಹೇಳ್ತೇನೆ.